ಕಾಯಿಲೆ ಹರಡುವ ಲೆಕ್ಕದಲ್ಲಿ ತಡಕ್ಕೂ ಒಂದು ಕಾಲಂ ಇರಲಿ: ಎಕ್ಸೆಲ್‌ನಲ್ಲೇ ಮಾಡಿ ನೋಡುವ ಬಗೆ

ಹಾಸನದ ಒಂದು ಹಾಸ್ಟೆಲಿನಲ್ಲಿ ಸೋಮವಾರ ಒಬ್ಬ ಹುಡುಗನಿಗೆ ‘ಅಮ್ಮ’ ಆಗಿದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ರಿಜಿಸ್ಟರಿನಲ್ಲಿ ಸೋಮವಾರದ ತಾರೀಖು ಬೀಳುತ್ತದೆ. ಆದರೆ ಅವನಿಗೆ ಸೋಂಕು ತಗುಲಿದ್ದು ಸೋಮವಾರವಲ್ಲ. ಸೀತಾಳೆ ಸಿಡುಬಿನ ಗುಳ್ಳೆ ಏಳಲು ಸಾಮಾನ್ಯವಾಗಿ ಎರಡು ವಾರ ಬೇಕು. 10 ದಿನಕ್ಕೂ ಏಳಬಹುದು, 21 ದಿನವೂ ಹಿಡಿಯಬಹುದು. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅವನಿಂದ ಬೇರೆಯವರಿಗೆ ಹರಡಲು ಶುರುವಾಗಿರುತ್ತದೆ. ಹಾಗಾಗಿ ಸೋಮವಾರದ ಆ ಒಂದು ಸಂಖ್ಯೆ ಎರಡು ವಾರ ಹಿಂದೆ ನಡೆದದ್ದನ್ನು ಹೇಳುತ್ತಿದೆ. ಇವತ್ತು ನಡೆಯುತ್ತಿರುವುದು ಅದರಲ್ಲಿ ಇಲ್ಲ.

ಕಾಯಿಲೆ ಹರಡುವಿಕೆಯ ಗಣಿತ ಕಲಿಸುವಾಗ ನಾವು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಪದವಿ ತರಗತಿಗಳಲ್ಲಿ ಬರುವ ಮಾದರಿಯಲ್ಲಿ, ಅಂದರೆ ಕಾಯಿಲೆ ಹೇಗೆ ಹರಡುತ್ತದೆ ಅಂತ ತೋರಿಸುವ ಲೆಕ್ಕದಲ್ಲಿ, ಸೋಂಕು ತಗುಲಿದ ಕ್ಷಣದಿಂದಲೇ ಮನುಷ್ಯ ಹರಡತೊಡಗುತ್ತಾನೆ. ಲೆಕ್ಕ ಸುಲಭ ಆಗುತ್ತದೆ ನಿಜ. ಆದರೆ ಉತ್ತರ ತಪ್ಪುತ್ತದೆ, ಅದೂ ಅಪಾಯದ ಕಡೆಗೆ ತಪ್ಪುತ್ತದೆ. ಹೇಗೆ ಅನ್ನುವುದನ್ನು ಮುಂದೆ ಸಂಖ್ಯೆಯಲ್ಲೇ ತೋರಿಸುತ್ತೇನೆ.

ಹಾಸನ, ಚಿಕ್ಕಮಗಳೂರು ಕಡೆಯ ಪದವಿ ವಿದ್ಯಾರ್ಥಿಗಳು, ಗಣಿತದ ಮೇಷ್ಟ್ರುಗಳು, ಆರೋಗ್ಯ ಕೇಂದ್ರದಲ್ಲಿ ಅಂಕಿಅಂಶ ನೋಡಿಕೊಳ್ಳುವವರು ಇದನ್ನು ಮಾಡಿ ನೋಡಲಿ ಅಂತ ನನ್ನ ಆಸೆ. ಕ್ಯಾಲ್ಕುಲಸ್ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಕೂಡು, ಕಳೆ, ಗುಣಿಸು, ಭಾಗಿಸು ಸಾಕು. ಎಕ್ಸೆಲ್ ಇರಲಿ, ದುಡ್ಡಿಲ್ಲದೆ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್ ಇರಲಿ, ಯಾವುದಾದರೂ ಆದೀತು.

ಈ ವಿಚಾರ ಹೊಸದೇನಲ್ಲ. ಸೊಳ್ಳೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡರು. ಆಮೇಲೆ ಮಲೇರಿಯಾ ಹರಡುವಿಕೆಗೆ ಸಮೀಕರಣಗಳನ್ನೂ ಬರೆದರು. ಆ ಸಮೀಕರಣಗಳಿಗೆ ಕಾವಿನ ತಡವನ್ನು, ಅಂದರೆ ಸೋಂಕು ತಗುಲಿದ ಮೇಲೆ ಬೇರೆಯವರಿಗೆ ಹರಡತೊಡಗುವ ತನಕದ ಸಮಯವನ್ನು, ಸೇರಿಸಿ ಶಾರ್ಪ್ ಮತ್ತು ಲೋಟ್ಕಾ ಬರೆದದ್ದು 1923ರಲ್ಲಿ. ಕಾಯಿಲೆ ಹರಡುವ ಗಣಿತದ ಬಗ್ಗೆ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಬರೆದ ಹೆಸರಾಂತ ಲೇಖನ 1927ರದ್ದು. ಸೋಂಕು ತಗುಲಿ ಎಷ್ಟು ದಿನ ಆಯಿತು ಅನ್ನುವುದಕ್ಕೆ ಆ ಲೇಖನದಲ್ಲೇ ಜಾಗ ಇತ್ತು. ಪಠ್ಯಪುಸ್ತಕಕ್ಕೆ ಬರುವಷ್ಟರಲ್ಲಿ ಅದು ಉದುರಿಹೋಗಿ, ಸರಳ ರೂಪ ಮಾತ್ರ ಉಳಿಯಿತು.

ಮೊದಲ ಹೆಜ್ಜೆ: ತಡಗಳನ್ನು ಬಿಡಿಸಿ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸೋಂಕು ತಗುಲಿದ ದಿನದಿಂದ ಸರ್ಕಾರಿ ಲೆಕ್ಕಕ್ಕೆ ಸೇರುವ ದಿನದ ತನಕ ಏನೇನಾಗುತ್ತದೆ ಅಂತ ಬರೆಯಿರಿ.

ರೋಗಾಣು ಮೈಯೊಳಗೆ ಬೆಳೆದು, ಬೇರೆಯವರಿಗೆ ಹರಡುವ ಮಟ್ಟಕ್ಕೆ ಬರುವುದು ಒಂದು ತಡ. ಜ್ವರವೋ ಗುಳ್ಳೆಯೋ ಕಾಣಿಸಿಕೊಳ್ಳುವುದು ಇನ್ನೊಂದು. ಈ ಎರಡನ್ನು ಒಂದೇ ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ದಡಾರದಲ್ಲಿ ಸೋಂಕು ತಗುಲಿ ಸುಮಾರು 10 ದಿನಕ್ಕೆ ಜ್ವರ, 14 ದಿನಕ್ಕೆ ಮೈಮೇಲೆ ಗಂಧೆ. ಆದರೆ ಗಂಧೆ ಏಳುವ 4 ದಿನ ಮೊದಲಿಂದಲೇ ಅದು ಹರಡುತ್ತದೆ. ನಮ್ಮ ಮಾದರಿಗೆ ಮುಖ್ಯವಾಗಿ ಬೇಕಾದ್ದು ಹರಡಲು ಶುರುವಾಗುವ ದಿನ. ಗಂಧೆ ಕಾಣುವ ದಿನವಲ್ಲ.

ಮುಂದಿನ ತಡಗಳು ಊರಿನವು, ಜನರವು. ಕಾಫಿ ಕೊಯ್ಲಿನ ಕಾಲದಲ್ಲಿ ಲೈನ್‌ಮನೆಯವರಿಗೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದು ಸುಲಭವಲ್ಲ. ಜ್ವರದಲ್ಲೇ ಕೆಲಸ ಮಾಡಿ, ಸಂತೆ ದಿನಕ್ಕೆ ಕಾಯುವವರು ಇರುತ್ತಾರೆ. ಆಮೇಲೆ ರಕ್ತದ ಮಾದರಿ ತೆಗೆದು ಕಳಿಸಬೇಕು, ಫಲಿತಾಂಶ ಬರಬೇಕು. ಅದನ್ನು ನೋಡಿ ಯಾರಾದರೂ ತೀರ್ಮಾನ ತೆಗೆದುಕೊಳ್ಳಬೇಕು. ಒಂದೊಂದಕ್ಕೂ ಎಷ್ಟು ದಿನ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಸರಿಯಾಗಿ ಗೊತ್ತಿಲ್ಲದ ಕಡೆ ‘2ರಿಂದ 4’ ಅಂತ ಅಂದಾಜು ಹಾಕಿ. ನನ್ನನ್ನು ಕೇಳಿದರೆ, ಮಾದರಿಯ ಅರ್ಧ ಕೆಲಸ ಈ ಹಾಳೆಯಲ್ಲೇ ಮುಗಿಯುತ್ತದೆ.

ಎರಡನೇ ಹೆಜ್ಜೆ: ಹಾಳೆ ಕಟ್ಟುವುದು

1000 ಜನರ ಒಂದು ಊರು. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದು. ಲೆಕ್ಕ ಕಲಿಯಲು ಸುಮ್ನೆ ಇಟ್ಟುಕೊಂಡ ಉದಾಹರಣೆ ಇದು, ಯಾವ ಕಾಯಿಲೆಯ ಹೆಸರನ್ನೂ ಇಡುವುದು ಬೇಡ. ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ಸಂಖ್ಯೆ ಬರೆಯಿರಿ:

ಜನಸಂಖ್ಯೆ 1000
ಹರಡುವ ದರ 0.5
ಗುಣವಾಗುವ ದರ 0.2
ತಡ 5 ದಿನ

ಹರಡುವ ದರ 0.5 ಅಂದರೆ, ಸುತ್ತ ಇರುವ ಯಾರಿಗೂ ಇನ್ನೂ ಸೋಂಕು ಬಂದಿಲ್ಲದಿದ್ದಾಗ ಒಬ್ಬ ರೋಗಿ ದಿನಕ್ಕೆ ಸರಾಸರಿ ಅರ್ಧ ಜನಕ್ಕೆ, ಅಂದರೆ ಎರಡು ದಿನಕ್ಕೆ ಒಬ್ಬರಿಗೆ ಅಂಟಿಸುತ್ತಾನೆ. ಗುಣವಾಗುವ ದರ 0.2 ಅಂದರೆ ದಿನಕ್ಕೆ ಐದರಲ್ಲಿ ಒಂದು ಪಾಲು ರೋಗಿಗಳು ಗುಣವಾಗುತ್ತಾರೆ. ಒಬ್ಬರು ಸರಾಸರಿ 5 ದಿನ ಹರಡುತ್ತಾರೆ. 0.5ನ್ನು 0.2ರಿಂದ ಭಾಗಿಸಿದರೆ 2.5. ಒಬ್ಬರಿಂದ ಒಟ್ಟು ಎಷ್ಟು ಜನರಿಗೆ ಹರಡುತ್ತದೆ ಅನ್ನುವ ಸಂಖ್ಯೆ ಇದು. ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ ‘ಆರ್ ಸಂಖ್ಯೆ’ ಅಂತ ಬರುತ್ತಿತ್ತಲ್ಲ, ಅದೇ.

ಈಗ ಕಾಲಂಗಳು. ದಿನ, ಸೋಂಕು ತಗುಲದವರು, ಹೊಸ ಸೋಂಕು, ಕಾವಿನಲ್ಲಿರುವವರು, ಹೊಸದಾಗಿ ಹರಡುವವರು, ಒಟ್ಟು ಹರಡುವವರು, ಗುಣವಾದವರು. ಲೆಕ್ಕ ಹೀಗೆ:

ಇಂದಿನ ಹೊಸ ಸೋಂಕು = ಹರಡುವ ದರ × ಸೋಂಕು ತಗುಲದವರು × ಒಟ್ಟು ಹರಡುವವರು ÷ ಜನಸಂಖ್ಯೆ
ಇಂದು ಹೊಸದಾಗಿ ಹರಡುವವರು = 5 ದಿನ ಹಿಂದಿನ ಹೊಸ ಸೋಂಕು
ನಾಳೆ ಸೋಂಕು ತಗುಲದವರು = ಇಂದಿನವರು − ಇಂದಿನ ಹೊಸ ಸೋಂಕು
ನಾಳೆ ಕಾವಿನಲ್ಲಿರುವವರು = ಇಂದಿನವರು + ಇಂದಿನ ಹೊಸ ಸೋಂಕು − ಇಂದು ಹೊಸದಾಗಿ ಹರಡುವವರು
ನಾಳೆ ಒಟ್ಟು ಹರಡುವವರು = ಇಂದಿನವರು + ಇಂದು ಹೊಸದಾಗಿ ಹರಡುವವರು − ಇಂದಿನವರು × 0.2
ನಾಳೆ ಗುಣವಾದವರು = ಇಂದಿನವರು + ಒಟ್ಟು ಹರಡುವವರು × 0.2

ಎರಡನೇ ಸಾಲನ್ನು ಎಚ್ಚರಿಕೆಯಿಂದ ನೋಡಿ. ಅಲ್ಲಿ ಬರಬೇಕಾದ್ದು ಐದು ಸಾಲು ಮೇಲಿನ ‘ಹೊಸ ಸೋಂಕು’ ಸೆಲ್ ಇಡಿಯಾಗಿ. ಕೆಲವರು ಐದು ದಿನ ಹಿಂದಿನ ಹರಡುವವರನ್ನು ತಂದು, ಇಂದಿನ ಸೋಂಕು ತಗುಲದವರ ಜೊತೆ ಗುಣಿಸುತ್ತಾರೆ. ಅದು ತಪ್ಪು. ಸೋಂಕು ತಗುಲಿದ್ದು ಆ ದಿನ, ಆ ದಿನ ಊರಿನಲ್ಲಿದ್ದ ಜನರ ನಡುವೆ. ಡಿಸೆಂಬರಿನಲ್ಲಿ ಕಾಫಿ ಹಣ್ಣು ಎಷ್ಟು ಸಿಗುತ್ತದೆ ಅಂತ ನೋಡಲು ಮಾರ್ಚ್-ಏಪ್ರಿಲ್‌ನ ಹೂಮಳೆ ಹೇಗಾಗಿತ್ತು ಅಂತ ಕೇಳುತ್ತೇವೆಯೇ ಹೊರತು ಡಿಸೆಂಬರಿನ ಮಳೆಯನ್ನಲ್ಲ, ಅಲ್ವಾ?

ಮೊದಲ ಐದು ಸಾಲಿಗೆ ‘ಐದು ಸಾಲು ಮೇಲೆ’ ಅನ್ನುವುದೇ ಇರುವುದಿಲ್ಲ. ಅಲ್ಲಿ ‘ಇಫ್’ ಸೂತ್ರ ಬಳಸಿ ಸೊನ್ನೆ ಹಾಕಿ. ಕಾಯಿಲೆ ಆಗಲೇ ಕೆಲವು ದಿನದಿಂದ ಊರಿನಲ್ಲಿದ್ದರೆ, ಆ ಹಿಂದಿನ ದಿನಗಳ ಸೋಂಕನ್ನು ಮೇಲಿನ ಸಾಲುಗಳಲ್ಲಿ ಬರೆದುಕೊಳ್ಳಬೇಕು. ತಡ ಇರುವ ಮಾದರಿಗೆ ಇಂದಿನ ಸ್ಥಿತಿ ಒಂದೇ ಸಾಲದು, ಹಿಂದಿನ ಕಥೆಯೂ ಬೇಕು. ತಡವನ್ನು ಆಗಾಗ ಬದಲಿಸಿ ನೋಡುವುದಾದರೆ ‘ಆಫ್‌ಸೆಟ್’ ಸೂತ್ರ ಬಳಸಿ. ಪ್ರತಿ ಸಲ ಕೈಯಿಂದ ತಿದ್ದುವ ಕಷ್ಟ ತಪ್ಪುತ್ತದೆ.

ಇಬ್ಬರು ರೋಗಿಗಳಿಂದ ಶುರುಮಾಡಿ. ಸೋಂಕು ತಗುಲದವರು 998. ಮೊದಲ ದಿನದ ಹೊಸ ಸೋಂಕು 0.998 ಬರುತ್ತದೆ. ಮನುಷ್ಯರನ್ನು ತುಂಡು ಮಾಡಿದಂತೆ ಕಾಣುತ್ತದೆ ಅಂತ ರೌಂಡ್ ಮಾಡಬೇಡಿ. ಇವು ಸರಾಸರಿಗಳು, ರೌಂಡ್ ಮಾಡಿದರೆ ಲೆಕ್ಕ ಕೆಡುತ್ತದೆ. ಒಟ್ಟು ಹರಡುವವರ ಕಾಲಂ ಕೆಳಗೆ ಎಳೆದರೆ 2, 1.6, 1.28, 1.02, 0.82, 0.66 ಅಂತ ಇಳಿಯುತ್ತ ಹೋಗಿ, ಆಮೇಲೆ ಒಮ್ಮೆಲೆ 1.52ಕ್ಕೆ ಏರುತ್ತದೆ. ನಿಮ್ಮ ಹಾಳೆಯಲ್ಲೂ ಇದೇ ಬಂದರೆ ಸೂತ್ರ ಸರಿ ಇದೆ.

ಆ ಇಳಿತವನ್ನು ಒಂದು ಗಳಿಗೆ ನೋಡಿ. ಮೊದಲ ಐದು ದಿನ ಕಾಯಿಲೆ ತಾನಾಗಿಯೇ ಹೋಗುತ್ತಿದೆ ಅನ್ನಿಸುತ್ತದೆ. ಅದೇ ಹೊತ್ತಿಗೆ ಕಾವಿನಲ್ಲಿರುವವರ ಕಾಲಂನಲ್ಲಿ ಮೂರಕ್ಕಿಂತ ಜಾಸ್ತಿ ಜನ ಸೇರಿಕೊಂಡಿರುತ್ತಾರೆ. ‘ಇಬ್ಬರಿಗೆ ಬಂದಿತ್ತು, ವಾಸಿಯಾಯ್ತು, ಇನ್ನೇನಿಲ್ಲ’ ಅಂತ ಊರಿನಲ್ಲಿ ಮಾತಾಡಿಕೊಳ್ಳುವ ದಿನಗಳು ಇವೇ.

ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಪ್ರತಿ ಸಾಲಿನಲ್ಲೂ ಸೋಂಕು ತಗುಲದವರು, ಕಾವಿನಲ್ಲಿರುವವರು, ಹರಡುವವರು, ಗುಣವಾದವರು ಸೇರಿ 1000 ಆಗಲೇಬೇಕು. ಹರಡುವ ದರ ಸೊನ್ನೆ ಮಾಡಿದರೆ ಹರಡುವವರ ಸಂಖ್ಯೆ ಬರೀ ಇಳಿಯಬೇಕು.

ತಡ ಬಿಟ್ಟರೆ ಏನಾಗುತ್ತದೆ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಭಾಗ.

ತಡದ ಜಾಗದಲ್ಲಿ ಸೊನ್ನೆ ಹಾಕಿ. ಸೋಂಕು ಸುಮಾರು ಎರಡೂವರೆ ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಮತ್ತೆ 5 ಹಾಕಿ. ಮೊದಲ ಕುಲುಕಾಟ ಕಳೆದ ಮೇಲೆ ದುಪ್ಪಟ್ಟಾಗಲು ಸುಮಾರು 7 ದಿನ ಬೇಕು. ಶಿಖರ ತಡವಾಗಿ ಬರುತ್ತದೆ, ಎತ್ತರವೂ ಕಡಿಮೆ. ಆದರೆ 2.5 ಅನ್ನುವ ಸಂಖ್ಯೆ ಎರಡರಲ್ಲೂ ಒಂದೇ. ಕೊನೆಯಲ್ಲಿ ಸೋಂಕು ತಗುಲುವವರೂ ಹೆಚ್ಚುಕಡಿಮೆ ಅಷ್ಟೇ, ನೂರಕ್ಕೆ 90ರ ಆಸುಪಾಸು. ತಡ ಕಾಯಿಲೆಯನ್ನು ನಿಧಾನ ಮಾಡುತ್ತದೆ, ಚಿಕ್ಕದು ಮಾಡುವುದಿಲ್ಲ.

ಈಗ ತಿರುಗಿಸಿ ಯೋಚಿಸಿ. ನಿಜವಾದ ಊರಿನಲ್ಲಿ ನಮಗೆ ಕಾಣುವುದು ಏರಿಕೆಯ ವೇಗ ಮಾತ್ರ. ವಾರಕ್ಕೊಮ್ಮೆ ದುಪ್ಪಟ್ಟು ಅಂತ ಕಂಡಿತು ಅನ್ನೋಣ. ತಡ ಇಲ್ಲದ ಮಾದರಿಯಲ್ಲಿ ಈ ವೇಗಕ್ಕೆ ಹೊಂದುವ ಹರಡುವ ದರ ಎಷ್ಟು? ದಿನಕ್ಕೆ ಸುಮಾರು ಶೇ. 10.4 ಏರಿಕೆ, ಅದಕ್ಕೆ ಗುಣವಾಗುವ 0.2 ಸೇರಿಸಿದರೆ 0.304. ಇದನ್ನು 0.2ರಿಂದ ಭಾಗಿಸಿದರೆ 1.5. ಒಬ್ಬರಿಂದ ಒಂದೂವರೆ ಜನಕ್ಕೆ ಅಷ್ಟೇ ಅಂತ ಮಾದರಿ ಹೇಳುತ್ತದೆ. ನಿಜ 2.5.

ಈ ಎರಡು ಸಂಖ್ಯೆಗಳ ನಡುವಿನ ಅಂತರ ಸಣ್ಣದಲ್ಲ. ಕಾಯಿಲೆ ಏರದಂತೆ ತಡೆಯಲು ಎಷ್ಟು ಪಾಲು ಹರಡುವಿಕೆ ನಿಲ್ಲಿಸಬೇಕು ಅನ್ನುವುದಕ್ಕೆ ಸುಲಭ ಸೂತ್ರ ಇದೆ: ಒಂದರಿಂದ, ‘ಒಂದು ಭಾಗಿಸು ಆರ್’ ಕಳೆಯಿರಿ. 1.5 ಆದರೆ ಮೂರರಲ್ಲಿ ಒಂದು ಪಾಲು ತಡೆದರೆ ಸಾಕು. 2.5 ಆದರೆ ನೂರಕ್ಕೆ 60 ತಡೆಯಬೇಕು. ತಡ ಬಿಟ್ಟವರು ನೂರಕ್ಕೆ 35 ಜನರಿಗೆ ಲಸಿಕೆ ಹಾಕಿ ನೆಮ್ಮದಿಯಾಗಿ ಕೂರುತ್ತಾರೆ. ಕಾಯಿಲೆ ಏರುತ್ತಲೇ ಇರುತ್ತದೆ. ಸರಳ ಮಾದರಿ ‘ಹೆಚ್ಚುಕಡಿಮೆ ಸರಿ’ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಮೂರನೇ ಹೆಜ್ಜೆ: ವರದಿಯ ತಡ ಸೇರಿಸಿ

ಹೊಸ ಕಾಲಂ ‘ವರದಿಯಾದವರು’. ಕಾವಿಗೆ 5 ದಿನ, ವೈದ್ಯರ ಹತ್ತಿರ ಹೋಗಲು 2 ದಿನ, ಫಲಿತಾಂಶಕ್ಕೆ 2 ದಿನ. ಒಟ್ಟು 9. ಅಂದರೆ ಇಂದು ವರದಿಯಾದವರು = 9 ದಿನ ಹಿಂದಿನ ಹೊಸ ಸೋಂಕು. ಎಲ್ಲರೂ ವರದಿಯಾಗುತ್ತಾರೆ ಅಂತ ಸದ್ಯಕ್ಕೆ ಇಟ್ಟುಕೊಳ್ಳಿ.

ಇಂದಿನ ನಿಜವಾದ ಸೋಂಕು ಎಷ್ಟಿರಬಹುದು ಅಂತ ಅಂದಾಜು ಮಾಡಲು ಕ್ಯಾಲ್ಕುಲೇಟರ್ ಸಾಕು. ತಡವನ್ನು ದುಪ್ಪಟ್ಟಾಗುವ ದಿನಗಳಿಂದ ಭಾಗಿಸಿ. ಬಂದದ್ದನ್ನು 2ರ ಘಾತವಾಗಿ ಹಾಕಿ. 9 ಭಾಗಿಸು 7, ಅಂದರೆ 1.29. 2ರ 1.29ನೇ ಘಾತ ಸುಮಾರು 2.4. ವರದಿಯಲ್ಲಿ 50 ಅಂತ ಇದ್ದರೆ ಇವತ್ತು ಸೋಂಕು ತಗುಲುತ್ತಿರುವುದು ಸುಮಾರು 120 ಜನಕ್ಕೆ. ಅಂಕಿಗಳನ್ನು ಓದುವ ಪ್ರತಿಯೊಬ್ಬರಿಗೂ ಈ ಒಂದು ಲೆಕ್ಕ ಬರಬೇಕು.

ನಾಲ್ಕನೇ ಹೆಜ್ಜೆ: ತೀರ್ಮಾನವನ್ನೂ ಹಾಳೆಯೊಳಗೆ ತನ್ನಿ

ಜನಸಂಖ್ಯೆ 1,00,000 ಮಾಡಿ. ರೋಗಿಗಳು 20. ಈಗ ಒಂದು ನಿಯಮ: ವರದಿ 50 ದಾಟಿದರೆ ಸಂತೆ, ಜಾತ್ರೆ, ಶಾಲೆ ನಿಲ್ಲಿಸುತ್ತಾರೆ, ಹರಡುವ ದರ 0.15ಕ್ಕೆ ಇಳಿಯುತ್ತದೆ. ವರದಿ 20ಕ್ಕಿಂತ ಕೆಳಗೆ ಬಂದರೆ ಎಲ್ಲ ತೆರೆಯುತ್ತಾರೆ, ದರ ಮತ್ತೆ 0.5. ಇದಕ್ಕೆ ‘ನಿಯಮ’ ಅನ್ನುವ ಕಾಲಂ ಮಾಡಿ. ವರದಿ 50ಕ್ಕಿಂತ ಜಾಸ್ತಿ ಇದ್ದರೆ 1, 20ಕ್ಕಿಂತ ಕಡಿಮೆ ಇದ್ದರೆ 0, ನಡುವೆ ಇದ್ದರೆ ನಿನ್ನೆಯದೇ. ಹರಡುವ ದರ ಈ ಕಾಲಂ ನೋಡಿ ಬದಲಾಗಲಿ.

35ನೇ ದಿನದ ಆಸುಪಾಸಿಗೆ ನಿಯಮ ಜಾರಿಗೆ ಬರುತ್ತದೆ. ಆದರೆ ವರದಿಯ ಸಂಖ್ಯೆ ಮುಂದಿನ ಎಂಟು ದಿನ ಏರುತ್ತಲೇ ಹೋಗಿ 120ರ ಹತ್ತಿರ ಮುಟ್ಟುತ್ತದೆ. ನಿಯಮ ಕೆಲಸ ಮಾಡುತ್ತಿದೆ, ಆದರೆ ಕೆಲಸ ಮಾಡುತ್ತಿರುವುದು ಯಾರಿಗೂ ಕಾಣುವುದಿಲ್ಲ. ‘ಬಂದ್ ಮಾಡಿ ಏನು ಪ್ರಯೋಜನ ಆಯ್ತು’ ಅಂತ ಕೇಳುವುದು ಈ ಎಂಟು ದಿನಗಳಲ್ಲೇ. ಆ ಮಾತಿಗೆ ಹೆದರಿ ನಿಯಮ ತೆಗೆದರೆ ಆಗುವುದನ್ನು ಹಾಳೆಯಲ್ಲೇ ನೋಡಬಹುದು. ಹಾಗೆಯೇ ತೆರೆದ ಮೇಲೂ 9 ದಿನ ಎಲ್ಲ ಚೆನ್ನಾಗಿರುವಂತೆ ಕಾಣುತ್ತದೆ, ಆಮೇಲೆ ಮತ್ತೆ ಏರುತ್ತದೆ. ರೇಖಾಚಿತ್ರ ಬರೆಯಿರಿ. ಗೆರೆ ಅಲೆಅಲೆಯಾಗಿ ಹೋಗುತ್ತದೆ. ವೈರಸ್ ಬದಲಾಗಿಲ್ಲ, ಹವೆ ಬದಲಾಗಿಲ್ಲ. ಹಳೆಯ ಸಂಖ್ಯೆ ನೋಡಿ ಇಂದಿನ ತೀರ್ಮಾನ ತೆಗೆದುಕೊಂಡದ್ದೇ ಸಾಕು ಅಲೆ ಹುಟ್ಟಲು. ಪರೀಕ್ಷೆಯ ತಡವನ್ನು 2ರಿಂದ 1ಕ್ಕೆ ಇಳಿಸಿ ಅದೇ ಚಿತ್ರ ಮತ್ತೆ ನೋಡಿ. ಸುಣ್ಣಬಣ್ಣಕ್ಕಿಂತ ಲ್ಯಾಬಿಗೆ ಮೊದಲು ದುಡ್ಡು ಹಾಕಿ ಅಂತ ಕೇಳಲು ಆ ಚಿತ್ರವೇ ಸಾಕು.

ರೋಗಿಯನ್ನು ಬೇರೆ ಇರಿಸುವ ತಡಕ್ಕಂತೂ ಇನ್ನೂ ಜೋರು ಪರಿಣಾಮ. ಬೇರೆ ಇರಿಸುವ ಮೊದಲು ಯಾರೂ ಗುಣವಾಗುವುದಿಲ್ಲ ಅಂತ ಇಟ್ಟುಕೊಂಡು, ಹರಡಲು ಶುರುವಾಗಿ ಎಷ್ಟು ದಿನಕ್ಕೆ ಬೇರೆ ಇರಿಸುತ್ತೀರೋ ಅದನ್ನು 0.5ರಿಂದ ಗುಣಿಸಿ. 4 ದಿನ ಆದರೆ 2. ಮೂರು ದಿನ ಆದರೆ 1.5. ಎರಡೇ ದಿನಕ್ಕೆ ಇರಿಸಿದರೆ 1, ಅಲ್ಲಿಗೆ ಏರಿಕೆ ನಿಂತಿತು. ಇಲ್ಲಿ ಒಂದೊಂದು ದಿನಕ್ಕೂ ಬೆಲೆ ಇದೆ. ಆಶಾ ಕಾರ್ಯಕರ್ತೆ ಜ್ವರ ಇರುವ ಮನೆಗೆ ಒಂದು ದಿನ ಮೊದಲು ಮುಟ್ಟಿದರೆ ಎಷ್ಟು ಲಾಭ ಅನ್ನುವುದು ಈ ಗುಣಾಕಾರದಲ್ಲಿ ಕಾಣುತ್ತದೆ.

ಐದನೇ ಹೆಜ್ಜೆ: ಎಲ್ಲರಿಗೂ ಒಂದೇ ತಡ ಇರುವುದಿಲ್ಲ

ಒಬ್ಬರಿಗೆ ಮೂರು ದಿನ, ಇನ್ನೊಬ್ಬರಿಗೆ ಏಳು. ‘5 ದಿನ ಹಿಂದಿನ ಹೊಸ ಸೋಂಕು’ ಅನ್ನುವ ಜಾಗದಲ್ಲಿ ತೂಕ ಹಾಕಿದ ಮೊತ್ತ ಬರೆಯಿರಿ: 3 ದಿನ ಹಿಂದಿನದರ 10 ಪಾಲು, 4ರದು 20, 5ರದು 40, 6ರದು 20, 7ರದು 10. ಎಲ್ಲ ನೂರಕ್ಕೆ. ಸರಾಸರಿ 5 ದಿನವೇ ಉಳಿಯುತ್ತದೆ. ‘ಸಮ್ ಪ್ರಾಡಕ್ಟ್’ ಸೂತ್ರದಿಂದ ಒಂದೇ ಸಾಲಿನಲ್ಲಿ ಆಗುತ್ತದೆ. ಶುರುವಿನ ಇಳಿತ-ಏರಿಕೆಯ ಹಲ್ಲುಗಳು ಈಗ ನಯವಾಗುತ್ತವೆ.

ಸೊಳ್ಳೆ ಬಂದರೆ ಲೆಕ್ಕ ಬದಲಾಗುತ್ತದೆ

ಮಳೆ ಶುರುವಾದ ಮೇಲೆ ನಮ್ಮ ಕಡೆ ಕಾಡುವ ಡೆಂಗಿಗೆ ಮೇಲಿನ ಹಾಳೆಯನ್ನು ಹಾಗೇ ಬಳಸಬೇಡಿ. ಅಲ್ಲಿ ಎರಡು ಕಾವು ಇವೆ. ಮನುಷ್ಯನಲ್ಲಿ 4ರಿಂದ 10 ದಿನ, ಸೊಳ್ಳೆಯಲ್ಲಿ ಸಾಮಾನ್ಯವಾಗಿ 8ರಿಂದ 12 ದಿನ. ಚಳಿ ಇದ್ದರೆ ಸೊಳ್ಳೆಯೊಳಗಿನ ತಡ ಇನ್ನೂ ಉದ್ದ. ಜೊತೆಗೆ ಸೊಳ್ಳೆ ಅಷ್ಟು ದಿನ ಬದುಕಬೇಕಲ್ಲ? ದಿನಕ್ಕೆ ನೂರಕ್ಕೆ 10 ಸೊಳ್ಳೆ ಸಾಯುತ್ತವೆ ಅಂದುಕೊಂಡರೆ 10 ದಿನ ಬದುಕುವವು 0.9ರ 10ನೇ ಘಾತ, ಅಂದರೆ ನೂರಕ್ಕೆ 35. ಹಾಗಾಗಿ ತಡದ ಸಾಲಿಗೆ ಈ 0.35ರ ಗುಣಾಕಾರವೂ ಸೇರಬೇಕು. ತಡ 12 ದಿನಕ್ಕೆ ಹೋದರೆ ಉಳಿಯುವುದು 28, 8ಕ್ಕೆ ಇಳಿದರೆ 43. ಮನುಷ್ಯರ ಕಾಯಿಲೆಯಲ್ಲಿ ತಡ ಬರೀ ನಿಧಾನ ಮಾಡುತ್ತಿತ್ತು. ಸೊಳ್ಳೆಯ ಕಾಯಿಲೆಯಲ್ಲಿ ತಡ ಆರ್ ಸಂಖ್ಯೆಯನ್ನೇ ಇಳಿಸುತ್ತದೆ. ಸೆಕೆ ಜಾಸ್ತಿ ಆದ ವರ್ಷ ಯಾಕೆ ಹೆದರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಮಂಗನ ಕಾಯಿಲೆಗೆ ಈ ಹಾಳೆ ಹೊಂದುವುದೇ ಇಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲೂಕುಗಳಿಗೂ ಬಂದಿದೆ. ಅದು ಉಣುಗು ಕಚ್ಚಿ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಅದನ್ನು ಲೆಕ್ಕ ಹಾಕಲು ಕಾಡು, ಉಣುಗಿನ ಬೆಳವಣಿಗೆ, ಋತು ಎಲ್ಲ ಬೇಕು. ರೋಗಿಗಳ ಸಂಖ್ಯೆ ಏರಿದ್ದನ್ನು ನೋಡಿ ‘ರೋಗಿಗಳಿಂದ ಹರಡಿತು’ ಅಂತ ಸೂತ್ರ ಹಾಕಿದರೆ ಜನ ಸುಮ್ನೆ ರೋಗಿಯ ಮನೆಯವರನ್ನು ದೂರ ಇಡುವಂತಾಗುತ್ತದೆ.

ನಿಜವಾದ ಅಂಕಿ ಹಾಕುವಾಗ

ತಾಲೂಕು ಆರೋಗ್ಯ ಕಚೇರಿಯಲ್ಲಿ ಕೇಳುವಾಗ ಒಟ್ಟು ಸಂಖ್ಯೆ ಮಾತ್ರ ಕೇಳಿ, ಹೆಸರು, ಮನೆ ಬೇಡ. ಎರಡು ತಾರೀಖು ಬೇಕೇ ಬೇಕು: ಜ್ವರ ಶುರುವಾದದ್ದು ಮತ್ತು ವರದಿಯಾದದ್ದು. ವರದಿಯ ತಾರೀಖು ಒಂದೇ ಇಟ್ಟುಕೊಂಡರೆ ಭಾನುವಾರ ಕಾಯಿಲೆ ಕಡಿಮೆ, ಸೋಮವಾರ ಜಾಸ್ತಿ ಅಂತ ಬರುತ್ತದೆ. ಅದು ಕಚೇರಿಯ ರಜೆಯ ಲೆಕ್ಕ, ಕಾಯಿಲೆಯದ್ದಲ್ಲ.

ಕೊನೆಯ ಕೆಲವು ದಿನಗಳ ಸಂಖ್ಯೆ ಯಾವಾಗಲೂ ಕಡಿಮೆ ಕಾಣುತ್ತದೆ. ಆ ದಿನ ಜ್ವರ ಬಂದವರು ಇನ್ನೂ ಲೆಕ್ಕಕ್ಕೆ ಸೇರಿರುವುದಿಲ್ಲ. ಹಿಂದಿನ ವಾರಗಳನ್ನು ನೋಡಿ, ಜ್ವರ ಬಂದ ಎರಡು ದಿನದೊಳಗೆ ಎಷ್ಟು ಪಾಲು ವರದಿ ಬಂದಿತ್ತು ಅಂತ ಕಂಡುಕೊಳ್ಳಿ. ನೂರಕ್ಕೆ 40 ಅಂತ ಬಂದರೆ, ಎರಡು ದಿನ ಹಿಂದಿನ ಸಂಖ್ಯೆಯನ್ನು 0.4ರಿಂದ ಭಾಗಿಸಿ. 12 ಅಂತ ಇದ್ದರೆ ನಿಜ 30ರ ಹತ್ತಿರ. ಇಷ್ಟು ತಿದ್ದದೆ ‘ಇಳಿಯುತ್ತಿದೆ’ ಅಂತ ಯಾರಿಗೂ ಹೇಳಬೇಡಿ.

ರೋಗಿಗಳು ಐದಾರು ಜನ ಇರುವಾಗ ಈ ಮಾದರಿಯನ್ನು ಜಾಸ್ತಿ ನಂಬಬಾರದು. ಅಷ್ಟು ಸಣ್ಣ ಸಂಖ್ಯೆಯಲ್ಲಿ ಅದೃಷ್ಟದ ಪಾಲು ದೊಡ್ಡದು, ಕಾಯಿಲೆ ತಾನೇ ನಿಂತುಹೋಗಲೂಬಹುದು. ಇನ್ನು, ಯಾರಿಗಾದರೂ ಫಲಿತಾಂಶ ತೋರಿಸುವಾಗ ಒಂದೇ ಗೆರೆ ತೋರಿಸಬೇಡಿ. ತಡ 4, 5, 6 ಹಾಕಿ ಮೂರು ಗೆರೆ ಬರೆಯಿರಿ. ಒಂದೊಂದಕ್ಕೂ ಹರಡುವ ದರವನ್ನು ಊರಿನಲ್ಲಿ ಕಂಡ ಏರಿಕೆಯ ವೇಗಕ್ಕೆ ಹೊಂದಿಸಿ. ಮೂರೂ ಈವರೆಗಿನ ಅಂಕಿಗೆ ಒಂದೇ ಥರ ಹೊಂದುತ್ತವೆ, ಆದರೆ ಎಷ್ಟು ತಡೆಯಬೇಕು ಅನ್ನುವುದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತವೆ. ಆ ಮೂರರಲ್ಲಿ ದೊಡ್ಡದನ್ನು ಇಟ್ಟುಕೊಂಡು ತಯಾರಿ ಮಾಡಲು ಹೇಳಿ.